ಎರಡು ಕಣ್ಣಿನ ಕ್ಯಾಮರಾ, ಮರಳಿ ಬಾರದ ಪಟ

ಎರಡು ಕಣ್ಣಿನ ಕ್ಯಾಮರಾಕ್ಕೆ ಮತ್ತೆ ಕಾಲ ಬಂದಿದೆ. ಮೇಲೊಂದು ಕೆಳಗೊಂದು ಲೆನ್ಸು, ನೆತ್ತಿಯ ಮೇಲೆ ತೆರೆಯುವ ಮುಚ್ಚಳ, ಪಕ್ಕದಲ್ಲಿ ತಿರುಗಿಸುವ ಹಿಡಿ ಇರುವ ಈ ಪೆಟ್ಟಿಗೆಯನ್ನು ನಮ್ಮ ಹಿರಿಯರು ಮದುವೆ ಚಪ್ಪರದಲ್ಲಿ, ಶಾಲೆಯ ಗುಂಪು ಫೋಟೋದ ದಿನ, ಪೇಟೆಯ ಸ್ಟುಡಿಯೋದಲ್ಲಿ ನೋಡಿದ್ದರು. ಆಮೇಲೆ ಸಣ್ಣ ಫಿಲಮಿನ ಕ್ಯಾಮರಾ ಬಂತು, ಅದರ ಹಿಂದೆ ಡಿಜಿಟಲ್ ಬಂತು, ಅದರ ಹಿಂದೆ ಫೋನು ಬಂತು. ಪೆಟ್ಟಿಗೆ ಅಟ್ಟ ಸೇರಿತು. ಈಗ ಅದನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಕತ್ತಿಗೆ ನೇತುಹಾಕಿಕೊಂಡು ಪಟ್ಟಣದ ಗೆಳೆಯರು ಹಳ್ಳಿ ಕಡೆ ಬರ್ತಿದ್ದಾರೆ. ವೇದಾವತಿಯ ಬತ್ತಿದ ಪಾತ್ರ, ಶೇಂಗಾ ಹೊಲ, ಕುರಿ ಹಿಂಡಿನ ಧೂಳು, ಕಂಬಳಿ ಹೊದ್ದ ಮುದುಕ, ಕೇರಿಯ ಬಾಗಿಲಲ್ಲಿ ಕೂತ ಮುದುಕಿ. ಇವರಿಗೆ ಬೇಕಾದದ್ದೆಲ್ಲ ಪರಶುರಾಂಪುರದ ಸುತ್ತಮುತ್ತ ಧಾರಾಳವಾಗಿ ಸಿಗ್ತದೆ.

ಇವರು ಹೇಳುವ ಮಾತೂ ಒಂದೇ ಥರ. ಒಂದು ರೋಲಿಗೆ ಹನ್ನೆರಡೇ ಪಟ, ಹಾಗಾಗಿ ಇದು ತಾಳ್ಮೆ ಕಲಿಸೋ ಕ್ಯಾಮರಾ. ತಲೆ ಬಗ್ಗಿಸಿ ನೋಡಬೇಕು, ಹಾಗಾಗಿ ಇದು ವಿನಯದ ಕ್ಯಾಮರಾ. ಹತ್ತಿರ ಹೋಗದೆ ಮುಖ ಸಿಗೋದಿಲ್ಲ, ಹಾಗಾಗಿ ಇದು ಪ್ರೀತಿಯ ಕ್ಯಾಮರಾ. ಈ ಮೂರು ಮಾತನ್ನೂ ನಾವು ತೂಗಿ ನೋಡಬೇಕಾಗಿದೆ. ಯಂತ್ರಕ್ಕೆ ಗುಣ ಕಟ್ಟಿ ಮನುಷ್ಯನ ಜವಾಬ್ದಾರಿಯನ್ನು ಜಾರಿಸಿಬಿಡುವ ಆಟ ನಮಗೆ ಹೊಸದಲ್ಲ. ನಾವು ಕ್ಯಾಮರಾದ ವೈರಿಗಳಲ್ಲ, ಚೆಲುವಿನ ವೈರಿಗಳೂ ಅಲ್ಲ. ನಮ್ಮದು ಒಂದೇ ಪ್ರಶ್ನೆ: ಹಿಡಿದ ಪಟ ಯಾರ ಕೈ ಸೇರಿತು?

ಮೊದಲು ಯಂತ್ರವನ್ನೇ ತಿಳಿದುಕೊಳ್ಳೋಣ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಫ್ರಾಂಕೆ ಮತ್ತು ಹೈಡೆಕೆ ಕಂಪನಿ 1929ರಲ್ಲಿ ರೋಲೈಫ್ಲೆಕ್ಸ್ ಎಂಬ ಕ್ಯಾಮರಾವನ್ನು ಹೊರತಂದಿತು. ಆಮೇಲೆ ಬಂದ ನೂರಾರು ಬಗೆಯ ಜೋಡಿ ಲೆನ್ಸಿನ ಕ್ಯಾಮರಾಗಳೆಲ್ಲ ಹೆಚ್ಚು ಕಡಿಮೆ ಅದರ ಮಕ್ಕಳು ಮೊಮ್ಮಕ್ಕಳು. ಜಪಾನಿನ ಯಾಶಿಕಾ ಕಂಪನಿ 1970ರಿಂದ 1986ರವರೆಗೆ ಮಾಡಿದ ಯಾಶಿಕಾ ಮ್ಯಾಟ್ 124ಜಿ ಅಂಥದ್ದೇ ಒಂದು. ಮೇಲಿನ ಲೆನ್ಸು ನೋಡೋದಕ್ಕೆ, ಕೆಳಗಿನದು ಪಟ ಹಿಡಿಯೋದಕ್ಕೆ. ಮೇಲಿನ ಲೆನ್ಸಿನ ಹಿಂದೆ ಓರೆಯಾಗಿ ಕೂರಿಸಿದ ಕನ್ನಡಿ ಬಿಂಬವನ್ನು ನೆತ್ತಿಯಲ್ಲಿರುವ ಮಬ್ಬು ಗಾಜಿನ ಮೇಲೆ ಬೀಳಿಸ್ತದೆ. ಬಿಂಬದ ತಲೆ ಮೇಲೇ ಇರ್ತದೆ, ಆದರೆ ಎಡ ಬಲ ಅದಲುಬದಲು. ಎಡಕ್ಕೆ ನಡೆದವನು ಗಾಜಿನಲ್ಲಿ ಬಲಕ್ಕೆ ನಡೀತಾನೆ. ಒಳಗೆ ಹಾಕೋದು 120 ನಂಬರಿನ ಫಿಲಮು. ಕೊಡ್ಯಾಕ್ ಕಂಪನಿ ಇದನ್ನು 1901ರಲ್ಲಿ ತಂದಿತು. ಬೆನ್ನಿಗೆ ಕಾಗದ ಅಂಟಿಸಿಕೊಂಡು ಸುರುಳಿ ಸುತ್ತಿರುವ ಈ ಫಿಲಮು ಇವತ್ತಿಗೂ ತಯಾರಾಗ್ತಿದೆ. ಇದರಲ್ಲಿ ಹತ್ತಿರ ಹತ್ತಿರ ಆರು ಸೆಂಟಿಮೀಟರಿನ ಚೌಕ ನೆಗೆಟಿವ್ ಬರ್ತದೆ. ಆಮೇಲೆ ಮನೆಮಾತಾದ ಸಣ್ಣ ಫಿಲಮಿನ ನೆಗೆಟಿವ್‌ಗಿಂತ ಇದರ ಹರವು ಮೂರೂವರೆ ಪಟ್ಟಿಗೂ ಹೆಚ್ಚು. ಹರವು ದೊಡ್ಡದಾದರೆ ವಿವರ ಹೆಚ್ಚು. ಶಾಲೆಯ ಗುಂಪು ಫೋಟೋದ ಕೊನೆ ಸಾಲಿನಲ್ಲಿ ನಿಂತ ಹುಡುಗನ ಅಂಗಿಯ ಹರಕೂ ಅದರಲ್ಲಿ ಕಾಣ್ತದೆ. ಈ ಕ್ಯಾಮರಾದ ನಿಜವಾದ ಶಕ್ತಿ ಅದು.

ಈಗ ಹನ್ನೆರಡು ಪಟದ ಮಾತು. ನಮ್ಮ ತಾಲ್ಲೂಕುಗಳ ಸ್ಟುಡಿಯೋದವರು ಹನ್ನೆರಡಕ್ಕೆ ಹನ್ನೆರಡನ್ನೂ ಲೆಕ್ಕ ಹಾಕಿಯೇ ಹೊಡೀತಿದ್ದರು. ಆ ಕಾಲಕ್ಕೆ ಪೂರ್ವ ಜರ್ಮನಿಯ ಓರ್ವೊ ಫಿಲಮು ಬರ್ತಿತ್ತು. ಊಟಿಯಲ್ಲಿ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಎಂಬ ಕಂಪನಿ ಕಟ್ಟಿ ‘ಇಂದು’ ಹೆಸರಿನಲ್ಲಿ ಫಿಲಮು ಮಾಡಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಫಿಲಮು ಯಾವುದೇ ಇರಲಿ, ಒಂದು ಪಟ ಕೆಟ್ಟರೆ ಅದು ಹೊಟ್ಟೆಯ ಮೇಲೇ ಬೀಳೋ ಹೊಡೆತ. ಹಾಗಾಗಿ ‘ಅಲ್ಲಾಡಬ್ಯಾಡ, ಕಣ್ಣು ಮಿಟುಕಿಸಬ್ಯಾಡ’ ಅಂತ ಗದರಿಸ್ತಿದ್ದರು. ಅದನ್ನು ಯಾರೂ ಧ್ಯಾನ ಅಂತ ಕರೀಲಿಲ್ಲ. ಇವತ್ತು 120 ಫಿಲಮಿನ ಒಂದು ರೋಲಿಗೆ ಸಾವಿರ ರೂಪಾಯಿ ಆಸುಪಾಸು. 2025-26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಒಂದು ರೋಲು ಹೆಚ್ಚು ಕಡಿಮೆ ಮೂರು ದಿನದ ಮಣ್ಣು ಹೊರುವ ಕೆಲಸ. ಅದನ್ನು ತೊಳೆಸೋ ಖರ್ಚು ಬೇರೆ. ಏಕಾದಶಿ ಮಾಡೋನ ಹೊಟ್ಟೆಯೂ ಖಾಲಿ, ಹಿಟ್ಟಿಲ್ಲದೆ ಮಲಗೋನ ಹೊಟ್ಟೆಯೂ ಖಾಲಿ. ಇಬ್ಬರದೂ ಒಂದೇ ಅಂತ ಹೇಳೋನು ಯಾವತ್ತೂ ಏಕಾದಶಿ ಮಾಡೋನೇ ಆಗಿರ್ತಾನೆ. ಬೇಕೆಂದು ತಂದುಕೊಂಡ ಕೊರತೆಯಿಂದ ಕೈ ಹದಗೊಳ್ಳಬಹುದು, ಅದನ್ನು ನಾವು ಒಪ್ತೇವೆ. ಆದರೆ ಅದರ ಬಲದಿಂದ ಪಟದ ಒಳಗಿರುವವನಿಗೆ ನ್ಯಾಯ ಸಿಕ್ಕಿತು ಅಂದರೆ ಒಪ್ಪೋದಿಲ್ಲ.

ಎರಡನೆಯದು ತಲೆ ಬಗ್ಗಿಸುವ ಮಾತು. ಈ ಕ್ಯಾಮರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಗಾಜಿನೊಳಕ್ಕೆ ಬಗ್ಗಿ ನೋಡಬೇಕು, ನಿಜ. ನೆಲದ ಮೇಲೆ ಕೂತವರ ಪಟ ತೆಗೆದರೆ ಮೇಲಿಂದ ಕೆಳಕ್ಕೆ ನೋಡಿದ ಹಾಗೆ ಕಾಣೋದಿಲ್ಲ, ಅವರ ಮುಖದ ಮಟ್ಟಕ್ಕೇ ನೋಟ ಇಳೀತದೆ. ಇದು ಸಣ್ಣ ಗುಣ ಏನಲ್ಲ. ಊರಿನ ಮುಂದೆ ತಲೆಮಾರುಗಟ್ಟಲೆ ತಲೆ ಬಗ್ಗಿಸಿದ ಜನರ ಮುಂದೆ ಕ್ಯಾಮರಾದವನು ತಲೆ ಬಗ್ಗಿಸಿ ನಿಂತದ್ದು ನೋಡೋದಕ್ಕೂ ಚೆಂದವೇ. ಆದರೆ ಅವನು ಬಗ್ಗಿದ್ದು ಯಾರಿಗೆ? ತನ್ನ ಗಾಜಿಗೆ. ಅವನ ಕಣ್ಣು ಇವರಿಗೆ ಕಾಣೋದಿಲ್ಲ. ಇದೇ ಕ್ಯಾಮರಾವನ್ನು ಅಡ್ಡ ಹಿಡಿದು, ತಾನು ಎದುರಿಗೆ ನೋಡ್ತಿರೋ ಹಾಗೆ ನಟಿಸಿ, ಪಕ್ಕದಲ್ಲಿರುವವರ ಪಟವನ್ನು ಅವರಿಗೇ ತಿಳಿಯದ ಹಾಗೆ ಕದಿಯೋ ಉಪಾಯವೂ ಇದೆ. ಬಗ್ಗಿದ ತಲೆಯಲ್ಲಿ ವಿನಯವೂ ಇರಬಹುದು, ಬೇಟೆಗಾರನ ಹೊಂಚೂ ಇರಬಹುದು. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು 1986ರಲ್ಲಿ ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಹಲ್ಲೆ ನಡೆಯಿತು, ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅಂಥ ಕಡೆ ಹಿಡಿದ ಒಂದು ಪಟ ಅನ್ಯಾಯಕ್ಕೆ ಸಾಕ್ಷಿಯಾಗಬಹುದು. ಅದೇ ಪಟ ಇನ್ನೊಬ್ಬನ ಜೇಬಿನಲ್ಲಿ ತೀಟೆಯ ಸರಕಾಗಬಹುದು. ಲೆನ್ಸು ಒಂದೇ, ಬಗ್ಗಿದ ಕತ್ತೂ ಒಂದೇ. ಬೇರೆಯಾಗಿರೋದು ಮನುಷ್ಯನ ಉದ್ದೇಶ.

ಮೂರನೆಯದು ಹತ್ತಿರದ ಮಾತು. ಮೂರರಲ್ಲಿ ನಮ್ಮ ಮನಸ್ಸಿಗೆ ನಾಟೋದು ಇದೇ. ಈ ಬಗೆಯ ಹೆಚ್ಚಿನ ಕ್ಯಾಮರಾಗಳಲ್ಲಿ ಲೆನ್ಸು ಬದಲಾಯಿಸೋಕೆ ಬರೋದಿಲ್ಲ, ದೂರದ್ದನ್ನು ಎಳೆದು ತೋರಿಸೋಕೆ ಬರೋದಿಲ್ಲ. ಮುಖ ಬೇಕಾದರೆ ಮೂರು ನಾಲ್ಕು ಅಡಿ ಅಂತರಕ್ಕೆ ನಡೆದು ಹೋಗಬೇಕು. ಅಸ್ಪೃಶ್ಯತೆ ಅಂದರೇ ಅಂತರದ ಲೆಕ್ಕ ಅಲ್ಲವೇ? ಬಾವಿಯಿಂದ ಎಷ್ಟು ದೂರ, ಜಗಲಿಯಿಂದ ಎಷ್ಟು ದೂರ, ಗುಡಿಯ ಬಾಗಿಲಿಂದ ಎಷ್ಟು ದೂರ ಅಂತ ನಮ್ಮನ್ನು ಅಳೆದು ನಿಲ್ಲಿಸಿದ ಸಮಾಜದಲ್ಲಿ, ‘ಹತ್ತಿರ ಬಾ, ಇಲ್ಲದಿದ್ದರೆ ಪಟ ಇಲ್ಲ’ ಅಂತ ಹೇಳುವ ಯಂತ್ರ ಒಂದು ದೊಡ್ಡ ಮಾತನ್ನೇ ಹೇಳ್ತದೆ. ಪಟ ಹಿಡಿಯೋನು ಕೇರಿಯೊಳಕ್ಕೆ ಕಾಲಿಡಲೇಬೇಕು. ಆದರೆ ಕಾಲಿಟ್ಟವನು ಅಲ್ಲಿ ನೀರು ಕುಡಿದನೇ? ಹೆಸರು ಕೇಳಿದನೇ? ‘ನನ್ನ ಪಟಾನ ಯಾವಾಗ ಕೊಡ್ತೀಯಪ್ಪಾ?’ ಅಂತ ಮುದುಕಿ ಕೇಳಿದಾಗ ಏನು ಹೇಳಿದ? ‘ಕಳಿಸ್ತೀನಿ ಅಜ್ಜಿ’ ಅಂತ ಹೇಳಿ ಹೋದವರು ಎಷ್ಟು ಜನ, ಕಳಿಸಿದವರು ಎಷ್ಟು ಜನ, ನಮ್ಮ ಕೇರಿಗಳಲ್ಲಿ ವಿಚಾರಿಸಿದರೆ ಗೊತ್ತಾಗ್ತದೆ.

ನಮ್ಮ ಜನರ ಪಟ ಹಿಡಿದು ಒಯ್ಯುವ ಈ ಚಾಳಿಗೆ ಹಳೆಯ ಬೇರಿದೆ. ಮದರಾಸು ಮ್ಯೂಸಿಯಮ್ಮಿನ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಜನರ ತಲೆ ಮೂಗುಗಳನ್ನು ಅಳತೆ ಮಾಡಿ, ಪಟ ಹಿಡಿಸಿ, ದಕ್ಷಿಣದ ಜಾತಿ ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ಹೊರತಂದ. ಮೈಸೂರು ಸೀಮೆಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟಗಳು 1928ರಿಂದ 1935ರೊಳಗೆ ಬಂದವು. ಈ ಗ್ರಂಥಗಳಲ್ಲಿ ಉಪಯೋಗದ ಮಾಹಿತಿ ಇದೆ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಇಂಥ ಗ್ರಂಥಗಳ ಪಟಗಳ ಕೆಳಗೆ ಸಾಮಾನ್ಯವಾಗಿ ಜಾತಿಯ ಹೆಸರಿರ್ತದೆ, ಮನುಷ್ಯನ ಹೆಸರಿರೋದಿಲ್ಲ. ನಿಂತವನು ಒಬ್ಬ ತಂದೆ, ಒಬ್ಬ ಅಣ್ಣ, ಒಬ್ಬ ತಮಟೆಗಾರ ಅಂತ ಯಾರಿಗೂ ಬೇಕಾಗಿರಲಿಲ್ಲ. ಅವನು ಒಂದು ಮಾದರಿ. ಇವತ್ತಿನ ಪ್ರದರ್ಶನಗಳಲ್ಲಿ ಪದಕ ಗಿಟ್ಟಿಸುವ ಹಳ್ಳಿ ಪಟಗಳ ಕೆಳಗೆ ಓದಿ ನೋಡಿ. ಜಾತಿಯ ಹೆಸರು ಹೋಗಿ ‘ಮುಪ್ಪು’, ‘ಕಾಯುವಿಕೆ’, ‘ಮಣ್ಣಿನ ಮಗ’ ಅಂತ ಬಂದಿದೆ. ಮನುಷ್ಯನ ಹೆಸರು ಈಗಲೂ ಇಲ್ಲ. ಆಗ ಅವನು ಶಾಸ್ತ್ರಕ್ಕೆ ಮಾದರಿ, ಈಗ ಸೌಂದರ್ಯಕ್ಕೆ ಮಾದರಿ. ಮುಖದ ಸುಕ್ಕಿನ ಮೇಲೆ ಬೆಳಕು ಹೇಗೆ ಬಿತ್ತು ಅಂತ ಗಂಟೆಗಟ್ಟಲೆ ಚರ್ಚೆ ಮಾಡ್ತಾರೆ. ಆ ಸುಕ್ಕು ಯಾರ ಹೊಲದ ಬಿಸಿಲಿನಲ್ಲಿ ಬಿದ್ದದ್ದು ಅಂತ ಕೇಳಿದರೆ ‘ಕಲೆಗೆ ರಾಜಕೀಯ ಬೆರೆಸಬೇಡಿ’ ಅಂತಾರೆ.

ಇದರ ಎದುರಿಗೆ ನಾವು ಇನ್ನೊಂದು ಬಗೆಯ ಪಟ ಇಡ್ತೇವೆ. ಅದಕ್ಕೆ ಪದಕ ಬಂದಿಲ್ಲ, ಅದು ಕೇರಿಯ ಮನೆಯೊಂದರ ಗೋಡೆಯ ಮೇಲಿದೆ. ಗಂಡ ಕುರ್ಚಿಯ ಮೇಲೆ ಕೂತಿದ್ದಾನೆ, ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ. ಹಿಂದೆ ಬಣ್ಣದ ಪರದೆ, ಅದರಲ್ಲಿ ಮೆಟ್ಟಿಲು, ಕಂಬ, ಕಾರಂಜಿ. ಗಂಡನ ಎಡಗೈ ತೊಡೆಯ ಮೇಲೆ, ವಾಚು ಕಾಣೋ ಹಾಗೆ ಮುಂದಕ್ಕೆ ಬಂದಿದೆ. ವಾಚು ಸ್ಟುಡಿಯೋದ್ದು. ಹೆಂಡತಿಯ ಕೈ ಗಂಡನ ಹೆಗಲ ಮೇಲಿದೆ, ಆದರೆ ಬೆರಳು ಊರಿಲ್ಲ. ಇಬ್ಬರೂ ಬರಿಗಾಲಲ್ಲಿದ್ದಾರೆ, ಇಬ್ಬರೂ ನಗ್ತಾ ಇಲ್ಲ. ಅಭಿರುಚಿ ಇರುವವರು ಈ ಪರದೆಯನ್ನು ನೋಡಿ ನಗ್ತಾರೆ: ಸುಳ್ಳು ಮೆಟ್ಟಿಲು, ಸುಳ್ಳು ಕಾರಂಜಿ, ಎರವಲು ವಾಚು, ಎಲ್ಲಾ ನಾಟಕ ಅಂತ. ನಾವು ಕುರ್ಚಿಯನ್ನು ನೋಡ್ತೇವೆ. ಊರ ಗೌಡನ ಪಡಸಾಲೆಯಲ್ಲಿ ಕೂರುವ ಮಾತಿರಲಿ, ಮೆಟ್ಟಿಲ ಹತ್ತಿರ ನಿಲ್ಲಲೂ ಆಗದಿದ್ದ ಜೀತದಾಳು ಇಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಅಂಥವನಿಗೆ ಪೇಟೆಯ ಸ್ಟುಡಿಯೋದ ಆ ಕುರ್ಚಿ ಸಣ್ಣ ಸಂಗತಿಯೇ? ಅವನು ದುಡ್ಡು ಕೊಟ್ಟಿದ್ದಾನೆ. ದುಡ್ಡು ಕೊಟ್ಟದ್ದರಿಂದ ಅವನು ಗಿರಾಕಿ. ಯಾವ ಪರದೆ, ಯಾವ ಭಂಗಿ, ಎಷ್ಟು ಪ್ರತಿ ಅಂತ ಹೇಳುವ ಹಕ್ಕು ಅವನದು. ವಾರದ ಮೇಲೆ ಬಂದು ಪಟ ಇಸಕೊಂಡು ಹೋಗಿ ಗೋಡೆಗೆ ಹಾಕಿದ್ದಾನೆ. ನಾವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಟದ ಒಳಗಿದ್ದವನ ಕೈಗೇ ಪಟ ಬಂದಿದೆ. ಇಲ್ಲಿ ಸುಳ್ಳಿರೋದು ಪರದೆಯಲ್ಲಿ ಮಾತ್ರ. ಪದಕದ ಪಟದಲ್ಲಿ ಹಿನ್ನೆಲೆ ನಿಜ, ಸಂಬಂಧ ಸುಳ್ಳು.

ಹಾಗಂತ ಸ್ಟುಡಿಯೋವನ್ನು ಹೊಗಳಿ ಅಟ್ಟಕ್ಕೇರಿಸೋದೂ ಬೇಡ. ಅಲ್ಲೂ ಜಾತಿ ಇತ್ತು, ಬಣ್ಣ ಇತ್ತು. ‘ಟಚಿಂಗ್’ ಅನ್ನೋ ಕೆಲಸ ನೋಡಿ. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ತಿರುಗುಮುರುಗು. ಮುಖದ ಜಾಗಕ್ಕೆ ಸೀಸದ ಕಡ್ಡಿಯಿಂದ ನಯವಾಗಿ ತೀಡಿದರೆ ಅಲ್ಲಿ ಬೆಳಕು ತಡೆದು, ಪ್ರಿಂಟಿನಲ್ಲಿ ಆ ಭಾಗ ಬೆಳ್ಳಗೆ ಬರ್ತದೆ. ನಮ್ಮವರ ಕಪ್ಪು ಮುಖಗಳು ಗೋಡೆಯ ಮೇಲೆ ಗೋಧಿ ಬಣ್ಣಕ್ಕೆ ತಿರುಗಿದ್ದು ಹೀಗೆ. ಕಪ್ಪು ಅಂದರೆ ಕಳಂಕ ಅಂತ ಗಿರಾಕಿಯೂ ನಂಬಿದ್ದ, ಸ್ಟುಡಿಯೋದವನೂ ನಂಬಿದ್ದ. ಈ ರೋಗ ನಮ್ಮ ಪೇಟೆಯದ್ದು ಮಾತ್ರ ಅಲ್ಲ. ಕೊಡ್ಯಾಕ್ ಕಂಪನಿ ಬಣ್ಣದ ಪ್ರಿಂಟಿನ ಹದ ನೋಡಲು ದಶಕಗಳ ಕಾಲ ಬಿಳಿಯ ಹೆಣ್ಣಿನ ಪಟವಿರುವ ಕಾರ್ಡನ್ನೇ ಕಳಿಸ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು. ಅವಳ ಮೈಬಣ್ಣ ಸರಿ ಬಂದರೆ ಪ್ರಿಂಟು ಸರಿ. ಚರ್ಮದ ರಾಜಕೀಯ ರಾಸಾಯನಿಕದ ಒಳಗೂ ಇಳಿದಿತ್ತು.

ಇನ್ನೊಂದು ಕಹಿ ಸತ್ಯವೂ ಇದೆ. ಸ್ಟುಡಿಯೋದ ಕುರ್ಚಿಯವರೆಗೂ ಹೋಗಲಾರದವರೇ ಹೆಚ್ಚು. ಎಷ್ಟೋ ತಾಯಂದಿರು ಒಂದೂ ಪಟವಿಲ್ಲದೆ ಮಣ್ಣಾದರು. ಚುನಾವಣಾ ಆಯೋಗ 1993ರಲ್ಲಿ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡಲು ಶುರು ಮಾಡಿದ ಮೇಲೆ ಮೊದಲ ಸಲ ಕ್ಯಾಮರಾದ ಮುಂದೆ ನಿಂತವರು ನಮ್ಮಲ್ಲಿ ಬಹಳ ಜನ. ಸತ್ತವರ ಪಟ ಅಂತ ಹೂವಿನ ಹಾರ ಹಾಕಿರೋದು ಎಷ್ಟೋ ಮನೆಗಳಲ್ಲಿ ಆ ಚೀಟಿಯಿಂದಲೇ ದೊಡ್ಡದು ಮಾಡಿಸಿದ ಮಸುಕು ಮುಖ.

ಕ್ಯಾಮರಾ ನಮ್ಮ ಕೈಗೆ ಬಂದರೆ ಎಲ್ಲಾ ಸರಿ ಹೋಗ್ತದೆಯೇ? ಇದಕ್ಕೆ ಅಮೆರಿಕದ ಇಬ್ಬರನ್ನು ನೆನೆಯಬಹುದು. ಗಾರ್ಡನ್ ಪಾರ್ಕ್ಸ್ ಕರಿಯರ ಹುಡುಗ. ರೈಲಿನ ಊಟದ ಡಬ್ಬಿಯಲ್ಲಿ ಮಾಣಿಯಾಗಿ ದುಡೀತಿದ್ದ. 1930ರ ದಶಕದ ಕೊನೆಗೆ ಗಿರವಿ ಅಂಗಡಿಯಲ್ಲಿ ಫೋಯ್‌ಕ್ಟ್‌ಲೆಂಡರ್ ಬ್ರಿಲಿಯಂಟ್ ಎಂಬ ಕ್ಯಾಮರಾ ಕೊಂಡ. ಅದೂ ಇದೇ ಜೋಡಿ ಲೆನ್ಸಿನ ಆಕಾರದ, ಅಗ್ಗದ ಪೆಟ್ಟಿಗೆ. ಮುಂದೆ 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಎಂಬ ಹೆಣ್ಣುಮಗಳನ್ನು, ಕೈಗೆ ಪೊರಕೆ ಕೊಟ್ಟು, ಹಿಂದೆ ಅಮೆರಿಕದ ಬಾವುಟ ತೂಗುಬಿಟ್ಟು, ಎದುರಿಗೆ ನಿಲ್ಲಿಸಿ ಪಟ ಹಿಡಿದ. ಅಷ್ಟಕ್ಕೇ ಬಿಡಲಿಲ್ಲ. ಅವಳ ಮನೆಗೆ ಹೋದ, ಮಕ್ಕಳನ್ನು ನೋಡಿದ, ಅವಳು ಹೋಗುವ ಚರ್ಚಿಗೂ ಹೋದ. ಅವಳ ಹೆಸರು ಇವತ್ತು ನಮಗೂ ಗೊತ್ತು. 1966ರಲ್ಲಿ ಬಂದ ತನ್ನ ಆತ್ಮಕಥೆಗೆ ಅವನು ‘ಆಯುಧಗಳ ಆಯ್ಕೆ’ ಎಂಬ ಅರ್ಥದ ಹೆಸರಿಟ್ಟ.

ಇನ್ನೊಬ್ಬಳು ವಿವಿಯನ್ ಮೇಯರ್. ಶಿಕಾಗೋದ ಉಳ್ಳವರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದವಳು. ರೋಲೈಫ್ಲೆಕ್ಸ್ ಹಿಡಿದು ಬೀದಿಗಳಲ್ಲಿ ಅಲೆದು ಲಕ್ಷಕ್ಕೂ ಮಿಕ್ಕಿದ ಪಟ ಹಿಡಿದಳು, ಯಾರಿಗೂ ತೋರಿಸಲಿಲ್ಲ. ಸಾಮಾನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಅವಳು ಸತ್ತ ಮೇಲೆ ಹೆಸರು ಲೋಕವಿಖ್ಯಾತವಾಯಿತು. ಹಣ ಕೊಂಡವರಿಗೆ ಬಂತು. ದುಡಿಯುವ ಹೆಣ್ಣಿನ ಕೈಯಲ್ಲಿ ಕ್ಯಾಮರಾ ಇದ್ದರೂ, ಪೆಟ್ಟಿಗೆ ಇಡೋದಕ್ಕೆ ಅವಳಿಗೆ ಸ್ವಂತ ಜಾಗ ಇರಲಿಲ್ಲ. ಕ್ಯಾಮರಾ ಕೈಗೆ ಬಂದರೆ ಅರ್ಧ ಕೆಲಸ, ನೆಗೆಟಿವ್ ಕೈಯಲ್ಲಿ ಉಳಿದರೆ ಮಾತ್ರ ಪೂರ್ತಿ ಕೆಲಸ.

ನಾವು ಮುಖ್ಯವಾಗಿ ಹೇಳಬೇಕಾದದ್ದೂ ಇದೇ. ಹಳೆ ಕ್ಯಾಮರಾಕ್ಕೆ ಇವತ್ತು ಬೆಲೆ ಇದೆ. ಅದೇ ಕ್ಯಾಮರಾದಿಂದ ಹುಟ್ಟಿದ ನೆಗೆಟಿವ್‌ಗಳು ಮುಚ್ಚಿದ ಸ್ಟುಡಿಯೋಗಳ ರಟ್ಟಿನ ಡಬ್ಬಗಳಲ್ಲಿ ಕೊಳೀತಿವೆ. ಕಪ್ಪು ಬಿಳುಪು ಫಿಲಮಿನ ಬಿಂಬ ಅಂದರೆ ಬೆಳ್ಳಿಯ ಸಣ್ಣ ಕಣಗಳು. ಆ ಬೆಳ್ಳಿಗಾಗಿ ನೆಗೆಟಿವ್‌ಗಳನ್ನು ತೂಕಕ್ಕೆ ಹಾಕೋದುಂಟು. ನಮ್ಮ ಅಜ್ಜ ಅಜ್ಜಿಯರ ಒಂದೇ ಒಂದು ಗುರುತು ಹೀಗೆ ಗ್ರಾಮಿನ ಲೆಕ್ಕದಲ್ಲಿ ಕರಗಿಹೋಗ್ತದೆ. ಗೋಡೆಯ ಮೇಲಿನ ಪ್ರಿಂಟು ಮಳೆ ಹೊಗೆಗೆ ಹಾಳಾಗಿರಬಹುದು, ಆದರೆ ಡಬ್ಬದಲ್ಲಿರುವ ಆ ಚೌಕದಲ್ಲಿ ಅವರ ಕಣ್ಣ ರೆಪ್ಪೆಯೂ ಉಳಿದಿರ್ತದೆ.

ಇದು ಬರಿ ಭಾವುಕತೆಯ ಮಾತಲ್ಲ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯನ್ನು 2000ದ ದಶಕದ ಕೊನೆಯಿಂದ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಗೋಡೆ ಎದ್ದಿತು, ಮೇವಿಗೆ ಹೋಗುತ್ತಿದ್ದ ದನ ಕುರಿಗಳ ದಾರಿ ನಿಂತಿತು, ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇಂಥ ಹೊತ್ತಿನಲ್ಲಿ ‘ನಾವು ಇಲ್ಲಿದ್ದೆವು’ ಅಂತ ತೋರಿಸಲು ಏನಿದೆ ನಮ್ಮ ಹತ್ತಿರ? ಕಾಗದ ಊರವರ ಮನೆಯಲ್ಲಿ, ದಾಖಲೆ ಕಚೇರಿಯಲ್ಲಿ. ಯಾವ ವರ್ಷ, ಯಾವ ಜಾಗ, ಯಾರು ಅಂತ ಹಿಂದೆ ಬರೆದಿರುವ ಒಂದು ಸಾದಾ ಪಟ, ಧೂಳಿನ ಸೊಬಗಿನ ನೂರು ಪಟಕ್ಕಿಂತ ಆ ಹೊತ್ತಿಗೆ ದೊಡ್ಡದು.

ತಮಿಳುನಾಡಿನ ಹಳೆ ಸ್ಟುಡಿಯೋಗಳ ಪಟಗಳನ್ನು ಉಳಿಸುವ ಕೆಲಸವನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಮಾಡಿದ್ದಾರೆ. ನಮ್ಮ ತಾಲ್ಲೂಕಿಗೆ ಯಾವ ಸ್ವದೇಶಿ ವಿದೇಶಿ ಸಂಸ್ಥೆಯೂ ಬರೋವರೆಗೆ ಕಾಯಬೇಕಾಗಿಲ್ಲ. ಹಳ್ಳಿಯ ಮೇಷ್ಟರು, ಹಾಸ್ಟೆಲಿನ ಹುಡುಗ ಹುಡುಗಿಯರು, ಸಂಘಟನೆಯ ಗೆಳೆಯರು ನಾಲ್ಕು ಜನ ಸೇರಿದರೆ ಸಾಕು. ಪರಶುರಾಂಪುರ, ಚಳ್ಳಕೆರೆ, ಮೊಳಕಾಲ್ಮೂರಿನ ಹಳೆ ಸ್ಟುಡಿಯೋದವರ ಮನೆಗಳಿಗೆ ಹೋಗಿ. ಅವರೂ ದುಡಿದು ಬಡವಾದವರೇ, ಗೌರವದಿಂದ ಕೇಳಿ. ನೆಗೆಟಿವ್‌ಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಹುಳಿ ವಾಸನೆ ಬಂದವು ಹಾಳಾಗುತ್ತಿವೆ ಅಂತ ತಿಳಿದು ಬೇರೆ ಇಡಿ. ಉಳಿದವನ್ನು ಒಂದೊಂದಾಗಿ ಕಾಗದದ ಲಕೋಟೆಗೆ ಹಾಕಿ ಒಣ ಜಾಗದಲ್ಲಿಡಿ. ಒಂದು ಫೋನಿನ ಪರದೆಯನ್ನು ಬೆಳ್ಳಗೆ ಬೆಳಗಿಸಿ, ಅದರಿಂದ ಒಂದೆರಡು ಅಂಗುಲ ಎತ್ತರಕ್ಕೆ ಗಾಜು ಇಟ್ಟು, ಗಾಜಿನ ಮೇಲೆ ನೆಗೆಟಿವ್ ಮಲಗಿಸಿ, ಇನ್ನೊಂದು ಫೋನಿನಿಂದ ಹಿಡಿದು ಕಪ್ಪು ಬಿಳುಪು ತಿರುಗಿಸಿದರೆ ಪಟ ಎದ್ದು ಬರ್ತದೆ. ಆ ಪಟವನ್ನು ಕೇರಿ ಹಟ್ಟಿಗಳಿಗೆ ಒಯ್ದು ಹಿರಿಯರ ಮುಂದಿಡಿ. ‘ಇವರ್ಯಾರು ಅಜ್ಜಿ? ಯಾವ ಊರಿನೋರು? ಯಾರ ಮನೆ?’ ಅಂತ ಕೇಳಿ ಬರೆದುಕೊಳ್ಳಿ. ಮೊದಲ ಪ್ರತಿ ಆ ಮನೆಗೆ ಕೊಡಿ. ಬೇರೆ ಕಡೆ ಅಚ್ಚು ಹಾಕೋದಿದ್ದರೆ ಅವರನ್ನು ಕೇಳಿ, ಬೇಡ ಅಂದರೆ ಬೇಡ.

ಎರಡು ಕಣ್ಣಿನ ಕ್ಯಾಮರಾ ಹಿಡಿದು ನಮ್ಮ ಕಡೆ ಬರುವ ಗೆಳೆಯರಿಗೂ ಇದೇ ಮಾತು. ಬನ್ನಿ, ನೀವು ಬರಬೇಡಿ ಅಂತ ನಾವು ಹೇಳೋದಿಲ್ಲ. ನಮ್ಮ ಹುಡುಗರಿಗೂ ಆ ಗಾಜಿನೊಳಕ್ಕೆ ಬಗ್ಗಿ ನೋಡೋದು ಕಲಿಸಿ, ಡಾರ್ಕ್ ರೂಮಿನ ಕೆಲಸ ಕಲಿಸಿ. ಹನ್ನೆರಡರಲ್ಲಿ ಎರಡು ಪಟ ಅವರು ಹಿಡಿಯಲಿ, ನೀವು ಅವರ ಮುಂದೆ ನಿಲ್ಲಿ. ಉಳಿದ ಹತ್ತರ ಹಿಂದೆ ಹೆಸರು ಬರೆಯಿರಿ. ಹೋಗುವಾಗ ‘ಕಳಿಸ್ತೀನಿ’ ಅಂತ ಹೇಳಿದರೆ, ಕಳಿಸಿ. ಅಜ್ಜಿ ಇನ್ನೂ ಬಾಗಿಲಲ್ಲೇ ಕೂತಿದ್ದಾಳೆ.